ದುಬೈಗೆ ಹೋಗಿ ನಿಫ್ಟಿ ಆಡುವವರಿಗೆ

ಹೋದ ಭಾನುವಾರ ಊರಿಂದ ಬೆಂಗಳೂರಿಗೆ ವಾಪಸ್ ಹೊರಟಿದ್ದೆ. ಹಿರೀಸಾವೆ ಹೈವೇ ಪಕ್ಕದ ಹೋಟೆಲಿನಲ್ಲಿ ಹಳೇ ಕ್ಲಾಸ್‌ಮೇಟ್ ಸಿಕ್ಕ. ಎರಡು ವರ್ಷದ ಹಿಂದೆ ಕೆಲಸ ಬಿಟ್ಟು ಫುಲ್‌ಟೈಮ್ ಟ್ರೇಡರ್ ಆದವನು.

"ಮಗಾ, ಮುಂದಿನ ತಿಂಗಳು ದುಬೈಗೆ ಶಿಫ್ಟ್."

"ಕೆಲಸ ಸಿಕ್ತಾ?"

"ಯಾವ ಕೆಲ್ಸಾನೋ? ಇದೇ ಆಪ್ಷನ್ಸು. ಅಲ್ಲಿ ಟ್ಯಾಕ್ಸ್ ಇಲ್ಲ, ಅಷ್ಟೆ."

ಮಂಗಳೂರು, ಭಟ್ಕಳದಿಂದ ಗಲ್ಫಿಗೆ ಹೋದವರ ಬಗ್ಗೆ ನನಗೆ ಗೌರವವಿದೆ. ಇಲ್ಲಿ ಸಿಗದ ದುಡಿಮೆ ಹುಡುಕಿಕೊಂಡು ಹೋದವರು ಅವರು. ನನ್ನ ಗೆಳೆಯನ ಕಥೆ ಬೇರೆ. ಅವನ ದುಡಿಮೆ ಇಲ್ಲೇ ಇರುತ್ತದೆ. ಅದೇ ನಿಫ್ಟಿ, ಅದೇ ಮುಂಬೈ ಮಾರುಕಟ್ಟೆ. ಇಲ್ಲಿ 9.15ಕ್ಕೆ ಶುರುವಾಗೋದು ಅಲ್ಲಿ 7.45ಕ್ಕೆ ಶುರುವಾಗುತ್ತೆ, ಅಷ್ಟೇ ವ್ಯತ್ಯಾಸ. ಊಟ ನಮ್ಮನೇಲಿ, ಕೈ ತೊಳೆಯೋದು ಪಕ್ಕದ ಮನೇಲಿ.

ಮೊದಲು ಲೆಕ್ಕ ನೋಡೋಣ. ಆಪ್ಷನ್ಸ್ ಲಾಭ ನಮ್ಮಲ್ಲಿ ವ್ಯಾಪಾರದ ಆದಾಯ, ಸ್ಲ್ಯಾಬ್ ಪ್ರಕಾರ ತೆರಿಗೆ. 2025-26ರ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ಕಟ್ಟಬೇಕಾದ್ದು ಸೊನ್ನೆ. ವರ್ಷಕ್ಕೆ 20 ಲಕ್ಷ ಲಾಭ ಮಾಡಿದವನು ಸೆಸ್ ಸೇರಿ ಕಟ್ಟೋದು 2,08,000 ರೂಪಾಯಿ. ದುಬೈನಲ್ಲಿ ಒಂದು ಬೆಡ್‌ರೂಮಿನ ಮನೆಯ ವರ್ಷದ ಬಾಡಿಗೆಗೆ ಇದು ಸಾಲಲ್ಲ. ಕೋಟಿ ಲಾಭ ಮಾಡುವವನಿಗೆ ತೆರಿಗೆ ಸುಮಾರು 29.5 ಲಕ್ಷ. ಅವನಿಗೆ ಮಾತ್ರ ಈ ಲೆಕ್ಕ ಗಿಟ್ಟೀತು. ಆದರೆ ಅಂಥವರು ಎಷ್ಟು ಜನ? 2021-22ರಿಂದ 2023-24ರವರೆಗಿನ ಮೂರು ವರ್ಷದಲ್ಲಿ ಫ್ಯೂಚರ್ಸ್, ಆಪ್ಷನ್ಸ್ ಆಡಿದ ಬಿಡಿ ಹೂಡಿಕೆದಾರರಲ್ಲಿ 93% ಮಂದಿ ಕಳೆದುಕೊಂಡವರೇ, ಒಟ್ಟು ನಷ್ಟ 1.8 ಲಕ್ಷ ಕೋಟಿಗೂ ಹೆಚ್ಚು ಎಂದು ಸೆಬಿಯೇ ಹೇಳಿದೆ. ನಷ್ಟಕ್ಕೆ ಆದಾಯ ತೆರಿಗೆ ಎಲ್ಲಿದೆ ಮಾರಾಯ? ಇಲ್ಲದ ತೆರಿಗೆ ಉಳಿಸೋಕೆ ವಿಮಾನ ಹತ್ತಬೇಕಾ?

ಎರಡನೆಯದು ಕಾನೂನು. ಎನ್ನಾರೈ ಆದ ಮಾತ್ರಕ್ಕೆ ಭಾರತದಲ್ಲಿ ಹುಟ್ಟಿದ ಆದಾಯ ಪರದೇಶಿ ಆಗಲ್ಲ. ಎರಡು ದೇಶಗಳ ತೆರಿಗೆ ಒಪ್ಪಂದದ ಆಸರೆ ಬೇಕಾದರೆ ವರ್ಷಕ್ಕೆ ಕನಿಷ್ಠ 183 ದಿನ ಅಲ್ಲಿದ್ದು, ಅಲ್ಲಿನ ನಿವಾಸಿ ಎಂಬ ಪ್ರಮಾಣಪತ್ರ ತರಬೇಕು. ಎನ್ನಾರೈಗೆ ಷೇರುಗಳಲ್ಲಿ ಇಂಟ್ರಾಡೇ ಇಲ್ಲ. ಭಾರತದ ಆದಾಯ 15 ಲಕ್ಷ ದಾಟಿಯೂ ಬೇರೆ ಯಾವ ದೇಶದ ತೆರಿಗೆಗೂ ಒಳಪಡದ ಭಾರತೀಯ ಪ್ರಜೆಯನ್ನು ನಿವಾಸಿ ಎಂದೇ ಪರಿಗಣಿಸುವ ನಿಯಮ 2020ರಲ್ಲೇ ಬಂದಿದೆ. ರೀಲ್ಸ್ ಮಾಡುವವರು ಬುರ್ಜ್ ಖಲೀಫಾ ತೋರಿಸ್ತಾರೆ, ಇದನ್ನು ತೋರಿಸಲ್ಲ.

ಹಾಗಂತ ಗೆಳೆಯನ ಸಿಟ್ಟು ಸುಳ್ಳಲ್ಲ. 2024ರ ಅಕ್ಟೋಬರ್ 1ರಿಂದ ಆಪ್ಷನ್ಸ್ ಮಾರಾಟದ ಎಸ್‌ಟಿಟಿ 0.0625%ನಿಂದ 0.1%ಗೆ ಏರಿತು. ಲಾಭವಾಗಲಿ, ನಷ್ಟವಾಗಲಿ ಅದು ಕಟ್ಟಲೇಬೇಕು. ಬೆಂಗಳೂರಿನ ಗುಂಡಿ ನೋಡಿದಾಗ ನನ್ನ ಟಿಡಿಎಸ್ ನೆನೆದು ನನಗೂ ಹೊಟ್ಟೆ ಉರಿಯುತ್ತೆ. ಒಂದು ರಾತ್ರಿ ನಾನೂ ಎಕ್ಸೆಲ್ ತೆಗೆದು ದುಬೈ ಲೆಕ್ಕ ಹಾಕಿದವನೇ. ಆದರೆ ಸಂಬಳದವನಿಗಿಲ್ಲದ ಸವಲತ್ತು ಟ್ರೇಡರ್‌ಗಿದೆ. ಬ್ರೋಕರೇಜು, ಇಂಟರ್‌ನೆಟ್ಟು, ಕೊನೆಗೆ ಆ ಎಸ್‌ಟಿಟಿಯನ್ನೂ ಖರ್ಚು ಅಂತ ಕಳೆಯಬಹುದು. ನಷ್ಟವನ್ನು 8 ವರ್ಷ ಮುಂದಕ್ಕೆ ಒಯ್ಯಬಹುದು. ನನಗೆ ಸಂಬಳ ಕೈಗೆ ಬರೋ ಮೊದಲೇ ಕತ್ತರಿ.

"ನಿಮ್ಮೂರಿನ ತೆಂಗಿನ ತೋಟದೋರು ಕಟ್ತಾರಾ?" ಅಂತ ಅವನು ಕೇಳಿದ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ನಿಜ. ದೊಡ್ಡ ತೋಟದವರಿಗೂ ಯಾಕೆ ಈ ವಿನಾಯಿತಿ ಅಂತ ಕೇಳೋಣ, ನಾನೂ ದನಿ ಸೇರಿಸ್ತೀನಿ. ಆದರೆ ಎರಡೆಕರೆಯ ನಮ್ಮವ್ವ ಸೋಪಿಗೆ ಕೊಡೋ ಜಿಎಸ್‌ಟಿ, ಕೋಟಿ ಗಳಿಸುವವನು ಅದೇ ಸೋಪಿಗೆ ಕೊಡುವಷ್ಟೇ. ಅವಳು ಅದನ್ನು ತಪ್ಪಿಸಿಕೊಳ್ಳೋಕೆ ಯಾವ ದೇಶಕ್ಕೆ ಹೋಗಬೇಕು?

ನಾವಿಬ್ಬರೂ ಒಂದೇ ಸರ್ಕಾರಿ ಶಾಲೆಯಲ್ಲಿ ಕೂತವರು. ಕೆಎಸ್‌ಆರ್‌ಟಿಸಿ ಪಾಸಿನಲ್ಲಿ ಚನ್ನರಾಯಪಟ್ಟಣಕ್ಕೆ ಹೋಗಿ ಪಿಯುಸಿ ಓದಿದವರು. ಸಿಇಟಿ ಸೀಟು ಸಿಕ್ಕಿದ್ದಕ್ಕೆ ಬಿಇ ಮಾಡಿದವರು. ಆ ಪಾಸಿನ ದೊಡ್ಡ ಪಾಲಿನ ದುಡ್ಡನ್ನು ಯಾರೋ ಗೊತ್ತಿಲ್ಲದವರು ತೆರಿಗೆಯಾಗಿ ಕಟ್ಟಿದ್ದರು. ಅವರಿಗೂ ಗುಂಡಿ ಬಿದ್ದ ರಸ್ತೆಯೇ ಇತ್ತು, ಲಂಚ ಕೇಳುವ ಕಚೇರಿಯೇ ಇತ್ತು.

ಅದಕ್ಕೇ ಹೇಳಿದೆ: "ಹೋಗೋದಾದ್ರೆ ಹೋಗು, ಕಾನೂನು ಬಿಟ್ಟಷ್ಟು ನಿನ್ನ ಹಕ್ಕು. ಆದ್ರೆ ದೇಶ ಸರಿ ಇಲ್ಲ ಅಂತ ಹೋಗ್ತಿದೀನಿ ಅನ್ಬೇಡ. ದುಡ್ಡು ಉಳಿಸೋಕೆ ಹೋಗ್ತಿದೀನಿ ಅನ್ನು."

ಗೆಳೆಯ ಮಾತಾಡಲಿಲ್ಲ. ಆಚೆ ನಮ್ಮ ಶಾಲೆಯ ಹುಡುಗರಷ್ಟೇ ವಯಸ್ಸಿನ ಮೂವರು ಬಸ್ಸಿಗೆ ಕಾಯ್ತಾ ನಿಂತಿದ್ದರು. ಕಾಫಿ ಬಿಲ್ಲು ಅವನೇ ಕೊಟ್ಟ, ಜಿಎಸ್‌ಟಿ ಸೇರಿಸಿ.