ವಿಮಾನ ಹತ್ತಿದರೂ ಗುಳೆ ಗುಳೆಯೇ

ಸೆಮಿಸ್ಟರ್ ಪರೀಕ್ಷೆ ಮುಗಿಯುವ ಹೊತ್ತಿಗೆ ನಮ್ಮ ಹಾಸ್ಟೆಲ್ ವಾಟ್ಸಾಪ್ ಗುಂಪುಗಳಿಗೆ ಒಂದು ಮೆಸೇಜ್ ತಪ್ಪದೇ ಬರುತ್ತೆ. 'ವಿದೇಶದಲ್ಲಿ ಹಣ್ಣು ಕೀಳುವ ಕೆಲಸ, ಆರು ತಿಂಗಳು, ತಿಂಗಳಿಗೆ ಎರಡೂವರೆ ಲಕ್ಷ, ಐಇಎಲ್‌ಟಿಎಸ್ ಬೇಡ, ವೀಸಾ ಗ್ಯಾರಂಟಿ, ಕೆಲವೇ ಸೀಟು ಉಳಿದಿವೆ.' ಅರ್ಧ ಜನ ನಗ್ತೀವಿ. ಇನ್ನರ್ಧ ಜನ ನಗುತ್ತಲೇ ಆ ನಂಬರ್ ಸೇವ್ ಮಾಡ್ಕೊತೀವಿ. ಪ್ಲೇಸ್‌ಮೆಂಟ್ ಸರಿಯಾಗಿ ಆಗದ ವರ್ಷಗಳಲ್ಲಿ ಸೇವ್ ಮಾಡ್ಕೊಳ್ಳೋರ ಸಂಖ್ಯೆ ಜಾಸ್ತಿ.

ಈ ಸಲ ನಗು ಬರಲಿಲ್ಲ. ನಮ್ಮ ಕ್ಲಾಸಿನ ಗೆಳೆಯನೊಬ್ಬನ ಅಣ್ಣ, ಡಿಪ್ಲೊಮಾ ಮುಗಿಸಿದವನು, ಇಂಥದೇ ಮೆಸೇಜ್ ನಂಬಿ ಒಂದೂವರೆ ಲಕ್ಷ ಕಳಕೊಂಡ. ಅವ್ವನ ಬಂಗಾರ ಅಡವಿಟ್ಟು ತಂದ ದುಡ್ಡು ಅದು. ಕೈಗೆ ಬಂದದ್ದು ಕೆನಡಾದ ತೋಟವೊಂದರ ಹೆಸರಿನ ಆಫರ್ ಲೆಟರ್. ಅದರಲ್ಲಿ 'ಸೀಸನಲ್ ಅಗ್ರಿಕಲ್ಚರಲ್ ವರ್ಕರ್ ಪ್ರೋಗ್ರಾಂ' ಅಂತ ದಪ್ಪ ಅಕ್ಷರದಲ್ಲಿ ಇತ್ತು. ಆ ಹೆಸರಿನ ಯೋಜನೆ ನಿಜಕ್ಕೂ ಇದೆ. 1966ರಲ್ಲಿ ಜಮೈಕಾದ ಕಾರ್ಮಿಕರಿಂದ ಶುರುವಾಗಿದ್ದು, 1974ರಲ್ಲಿ ಮೆಕ್ಸಿಕೊ ಸೇರಿತು. ವರ್ಷಕ್ಕೆ ಗರಿಷ್ಠ ಎಂಟು ತಿಂಗಳ ಕೆಲಸ. ಆದರೆ ಅದು ಮೆಕ್ಸಿಕೊ ಮತ್ತು ಕೆರಿಬಿಯನ್ ದೇಶಗಳವರಿಗೆ ಮಾತ್ರ. ಭಾರತದ ಹೆಸರು ಅದರಲ್ಲಿ ಇಲ್ಲವೇ ಇಲ್ಲ. ಹತ್ತು ನಿಮಿಷ ಹುಡುಕಿದ್ದರೆ ಗೊತ್ತಾಗ್ತಿತ್ತು. ಹುಡುಕಿಕೊಡಬಹುದಾಗಿದ್ದ ನಾವು ಅದೇ ಊರಿನ ಹುಡುಗನ ಪಕ್ಕದ ಬೆಂಚಿನಲ್ಲೇ ಕೂತಿದ್ವಿ. ಆದರೆ ಅವನೂ ಕೇಳಲಿಲ್ಲ, ಯಾಕಂದ್ರೆ ತಮ್ಮ ಇಂಜಿನಿಯರಿಂಗ್ ಓದುವಾಗ ಅಣ್ಣ ಹಣ್ಣು ಕೀಳಲು ಹೋಗ್ತಾನೆ ಅನ್ನೋದು ಅವನಿಗೆ ಹೇಳಿಕೊಳ್ಳುವ ಸಂಗತಿ ಆಗಿರಲಿಲ್ಲ.

ನಮ್ಮ ಮೊದಲ ಮಾತು ಇಲ್ಲಿಂದಲೇ. ಸೀಸನ್ ಕೆಲಸಕ್ಕೆ ಊರು ಬಿಡೋದು ನಮಗೆ ಹೊಸದಲ್ಲ. ಅದಕ್ಕೆ ನಮ್ಮ ಭಾಷೆಯಲ್ಲೇ ಪದ ಇದೆ: ಗುಳೆ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬೆಂಗಳೂರು, ಮುಂಬೈ, ಗೋವಾಕ್ಕೆ ಜನ ಗುಳೆ ಹೋಗ್ತಾರೆ. ಕೊಡಗಿನ ಕಾಫಿ ಕೊಯ್ಲಿಗೆ ಅಸ್ಸಾಂನಿಂದ ಬರ್ತಾರೆ. ನಮ್ಮ ಕ್ಯಾಂಪಸ್ಸಿನ ಹೊಸ ಬ್ಲಾಕ್ ಕಟ್ಟುತ್ತಿರುವವರೂ ಗುಳೆ ಬಂದವರೇ. ಅವರನ್ನು 'ಲೇಬರ್' ಅಂತ ಕರೆದು ಪಕ್ಕಕ್ಕೆ ಸರಿಯುವ ನಾವು, ಅದೇ ಕೆಲಸಕ್ಕೆ ಪೌಂಡು ಡಾಲರು ಸೇರಿದ ಕೂಡಲೇ 'ಫಾರಿನ್ ಜಾಬ್' ಅಂತೀವಿ. ಹೆಸರು ಬದಲಾದದ್ದಕ್ಕೆ ನಮ್ಮ ಎಚ್ಚರವೂ ತಪ್ಪುತ್ತೆ. ಮೇಸ್ತ್ರಿಯ ಲೆಕ್ಕ ನಂಬಬಾರದು ಅಂತ ಊರಿನ ಹಿರಿಯರಿಗೆ ಗೊತ್ತು. ಏಜೆಂಟ್ ಟೈ ಕಟ್ಟಿದ ಮೇಸ್ತ್ರಿ ಅಂತ ನಮಗೆ ಗೊತ್ತಾಗಲ್ಲ. ಒಂದೇ ವ್ಯತ್ಯಾಸ: ಇಲ್ಲಿ ಮೇಸ್ತ್ರಿ ಮುಂಗಡ ಕೊಟ್ಟು ಕಟ್ಟಿಹಾಕ್ತಾನೆ, ಅಲ್ಲಿಗೆ ಹೋಗಲು ನಾವೇ ಮುಂಗಡ ಕೊಟ್ಟು ಕಟ್ಟಿಹಾಕಿಸಿಕೊಳ್ತೀವಿ.

ಇರಲಿ, ಎಲ್ಲವೂ ಮೋಸ ಅಂತ ನಾವು ಹೇಳ್ತಿಲ್ಲ. ನಿಜವಾದ ದಾರಿಗಳಿವೆ. ಬ್ರಿಟನ್‌ನ ಸೀಸನಲ್ ವರ್ಕರ್ ವೀಸಾದಲ್ಲಿ ತೋಟಗಾರಿಕೆ ಕೆಲಸಕ್ಕೆ ಆರು ತಿಂಗಳವರೆಗೆ ಹೋಗಬಹುದು. ಆದರೆ ತೋಟದ ಮಾಲೀಕ ನೇರವಾಗಿ ವೀಸಾ ಕೊಡಿಸಲಾರ. ಸರ್ಕಾರ ಒಪ್ಪಿದ ಬೆರಳೆಣಿಕೆಯ ಸಂಸ್ಥೆಗಳು ಮಾತ್ರ ಪ್ರಾಯೋಜಕರಾಗಬಹುದು, ಮತ್ತು ಕೆಲಸ ಹುಡುಕಿಕೊಟ್ಟದ್ದಕ್ಕೆ ಕಾರ್ಮಿಕನಿಂದ ದುಡ್ಡು ಪಡೆಯುವಂತಿಲ್ಲ. ಅಮೆರಿಕದ ಎಚ್-2ಎ ಕೃಷಿ ವೀಸಾದಲ್ಲೂ ನೇಮಕಾತಿ ಶುಲ್ಕವನ್ನು ಕಾರ್ಮಿಕನ ಮೇಲೆ ಹಾಕುವಂತಿಲ್ಲ. ಹೊರಗಿನಿಂದ ಬಂದವರಿಗೆ ಮಾಲೀಕನೇ ಉಚಿತ ವಸತಿ ಕೊಡಬೇಕು, ಒಪ್ಪಂದದಲ್ಲಿ ಹೇಳಿದ ಗಂಟೆಗಳಲ್ಲಿ ಮುಕ್ಕಾಲು ಭಾಗದಷ್ಟಾದರೂ ಕೆಲಸ ಖಾತ್ರಿ ಮಾಡಬೇಕು.

ಈಗ ಲೆಕ್ಕ ಹಾಕೋಣ, ನಾವು ಇಂಜಿನಿಯರಿಂಗ್ ವಿದ್ಯಾರ್ಥಿಗಳಲ್ವಾ. ಬ್ರಿಟನ್ ಉದಾಹರಣೆಯೇ ಇರಲಿ. ಅಲ್ಲಿ ಈ ವೀಸಾದವರಿಗೆ ವಾರಕ್ಕೆ ಕನಿಷ್ಠ 32 ಗಂಟೆಯ ಸಂಬಳ ಕೊಡಲೇಬೇಕು. 2025ರ ಏಪ್ರಿಲ್ ದರದಲ್ಲಿ 21 ವರ್ಷ ತುಂಬಿದವರಿಗೆ ಗಂಟೆಗೆ 12.21 ಪೌಂಡ್. ಅಂದರೆ ವಾರಕ್ಕೆ ಸುಮಾರು 390, 26 ವಾರಕ್ಕೆ ಸುಮಾರು 10,150 ಪೌಂಡ್. 2025ರ ಏಪ್ರಿಲ್‌ನ ಅದೇ ಕನಿಷ್ಠ ವೇತನ ಲೆಕ್ಕದಲ್ಲಿ ವಸತಿಗೆ ದಿನಕ್ಕೆ 10.66 ಪೌಂಡ್‌ವರೆಗೆ ಹಿಡಿಯಲು ಅವಕಾಶ ಇತ್ತು, ಅದು 1,940 ಹೋಯ್ತು. ನ್ಯಾಷನಲ್ ಇನ್ಶೂರೆನ್ಸ್ ಸುಮಾರು 310. ಊಟಕ್ಕೆ ವಾರಕ್ಕೆ 40 ಅಂದ್ಕೊಂಡರೆ 1,040. ವಿಮಾನ, ವೀಸಾ ಎಲ್ಲ ಸೇರಿ 1,000 ಇಟ್ಕೊಳ್ಳಿ. ಉಳಿಯೋದು ಸುಮಾರು 5,860 ಪೌಂಡ್. ಪೌಂಡಿಗೆ 110 ರೂಪಾಯಿ ಅಂತ ಹಿಡಿದರೆ ಆರೂವರೆ ಲಕ್ಷಕ್ಕೆ ಸ್ವಲ್ಪ ಕಡಿಮೆ. ಚೆನ್ನಾಗಿಯೇ ಇದೆ, ಸುಳ್ಳು ಯಾಕೆ ಹೇಳಬೇಕು.

ಈಗ ಮಧ್ಯದಲ್ಲಿ ಐದು ಲಕ್ಷ ಕೇಳುವ ಏಜೆಂಟ್‌ನನ್ನು ಸೇರಿಸಿ. ಆ ಐದು ಲಕ್ಷವನ್ನು ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿಗೆ ತಂದಿದ್ದರೆ ಆರು ತಿಂಗಳಿಗೆ ಬಡ್ಡಿಯೇ 90 ಸಾವಿರ. ಕೊನೆಗೆ ಕೈಯಲ್ಲಿ ಉಳಿಯೋದು 55 ಸಾವಿರ. ತಿಂಗಳಿಗೆ ಒಂಬತ್ತು ಸಾವಿರ ಚಿಲ್ಲರೆ. ಬೆಳಗಿನ ಚಳಿಯಲ್ಲಿ ಬಗ್ಗಿ ಸ್ಟ್ರಾಬೆರಿ ಕಿತ್ತದ್ದೆಲ್ಲ ಏಜೆಂಟ್‌ಗೂ ಬಡ್ಡಿಯವನಿಗೂ. ಇನ್ನು ಸೀಸನ್ ಮಧ್ಯದಲ್ಲೇ ಮನೆಗೆ ಕಳಿಸಿಬಿಟ್ಟರೆ? ಸಾಲದ ಭಯ ಇರುವವನು ಅಲ್ಲಿ ಸೂಪರ್‌ವೈಸರ್ ಎದುರು ಬಾಯಿ ಬಿಡಲ್ಲ. ವಸತಿ ಅವರದೇ, ಕೆಲಸ ಅವರದೇ, ವೀಸಾದ ದಾರವೂ ಅವರ ಕಡೆಯೇ. ಹೊಲದಲ್ಲಿ ಗಾಯ ಆದರೂ ಹೇಳಲ್ಲ. 2024ರ ಜೂನ್‌ನಲ್ಲಿ ಇಟಲಿಯ ಲಾಟಿನಾ ಪ್ರದೇಶದಲ್ಲಿ ಪಂಜಾಬಿ ಕೃಷಿ ಕಾರ್ಮಿಕನೊಬ್ಬನ ಕೈ ಯಂತ್ರಕ್ಕೆ ಸಿಕ್ಕಿ ತುಂಡಾದಾಗ, ಆಸ್ಪತ್ರೆಗೆ ಒಯ್ಯುವ ಬದಲು ಅವನನ್ನು ಮನೆಯ ಮುಂದೆ ಬಿಟ್ಟುಹೋದರು. ಅವನು ಉಳಿಯಲಿಲ್ಲ. ಅವನ ಬಳಿ ಕಾಗದಪತ್ರ ಇರಲಿಲ್ಲ. ಕಾಗದ ಇಲ್ಲದವನ ಜೀವಕ್ಕೆ ಎಷ್ಟು ಬೆಲೆ ಅಂತ ಅಂದು ಇಟಲಿಯೇ ಬೀದಿಗಿಳಿದು ಕೇಳಿತು.

'ನಾವು ಓದಿದವರು, ನಮಗೆ ಹೀಗೆಲ್ಲ ಆಗಲ್ಲ' ಅನ್ನೋರು ಒಂದು ವಿಷಯ ಗಮನಿಸಿ. ಹತ್ತನೇ ತರಗತಿ ಪಾಸಾದವರಿಗೆ ಕೆಲಸಕ್ಕೆ ಹೋಗುವಾಗ ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕಿಲ್ಲ. ಓದಿದವರು ತಮ್ಮನ್ನು ತಾವು ನೋಡಿಕೊಳ್ತಾರೆ ಅಂತ ಕಾನೂನಿನ ನಂಬಿಕೆ. ಅಂದರೆ ನಮ್ಮ ಕಾಂಟ್ರಾಕ್ಟ್ ಅನ್ನು ನಮ್ಮನ್ನು ಬಿಟ್ಟು ಬೇರೆ ಯಾರೂ ಓದಲ್ಲ. ಕಾಂಬೋಡಿಯಾ, ಮ್ಯಾನ್ಮಾರ್‌ಗಳ ಸೈಬರ್ ವಂಚನೆ ಕೇಂದ್ರಗಳಿಗೆ ಡೇಟಾ ಎಂಟ್ರಿ, ಐಟಿ ಕೆಲಸ ಅಂತ ಕರೆದೊಯ್ದದ್ದು ಕಂಪ್ಯೂಟರ್ ಬಲ್ಲ ಹುಡುಗರನ್ನೇ. ರಷ್ಯಾದಲ್ಲಿ ಕೆಲಸ ಅಂತ ಹೋದ ಕಲಬುರಗಿಯ ಯುವಕರು ಯುದ್ಧಭೂಮಿಯಲ್ಲಿ ಸಿಕ್ಕಿಬಿದ್ದ ಸುದ್ದಿ 2024ರಲ್ಲಿ ನಾವೇ ಓದಿದ್ವಿ, ಶೇರ್ ಮಾಡಿದ್ವಿ, ಮರೆತ್ವಿ.

ಹಾಗಾದರೆ ಹೋಗಬೇಕು ಅನ್ನೋರು ಏನು ಮಾಡಬೇಕು? ಮೊದಲು ಏಜೆಂಟ್‌ನ ನೋಂದಣಿ ಸಂಖ್ಯೆ ಕೇಳಿ. 1983ರ ಎಮಿಗ್ರೇಷನ್ ಕಾಯ್ದೆ ಪ್ರಕಾರ ವಿದೇಶಿ ಕೆಲಸಕ್ಕೆ ಜನ ಕಳಿಸುವವರು ನೋಂದಣಿ ಮಾಡಿಸಿರಲೇಬೇಕು, ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಹೆಸರು ಹಾಕಿ ನೋಡಬಹುದು. ಅವರು ಪಡೆಯಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ ಮತ್ತು ಜಿಎಸ್‌ಟಿ. ಅದಕ್ಕಿಂತ ಹೆಚ್ಚು ಕೇಳಿದರೆ ಅಲ್ಲಿಗೇ ಎದ್ದು ಬನ್ನಿ. ಎರಡನೇದು, ಆ ವೀಸಾ ಭಾರತೀಯರಿಗೆ ತೆರೆದಿದೆಯಾ ಅಂತ ಆ ದೇಶದ ಸರ್ಕಾರಿ ತಾಣದಲ್ಲೇ ನೋಡಿ, ಏಜೆಂಟ್ ಕಳಿಸಿದ ಪಿಡಿಎಫ್‌ನಲ್ಲಲ್ಲ. ಮೂರನೇದು, ವಸತಿಗೆ ಎಷ್ಟು ಹಿಡೀತಾರೆ, ವಾರಕ್ಕೆ ಎಷ್ಟು ಗಂಟೆ ಖಾತ್ರಿ, ಬೇಗ ಕಳಿಸಿದರೆ ಟಿಕೆಟ್ ಯಾರದ್ದು ಅನ್ನೋದು ಬರಹದಲ್ಲಿ ಇರಲಿ.

ನಮ್ಮ ವಯಸ್ಸಿನವರಿಗೇ ಇರುವ ದಾರಿಗಳನ್ನೂ ಮರೆಯಬೇಡಿ. ಬ್ರಿಟನ್‌ನ ಯಂಗ್ ಪ್ರೊಫೆಷನಲ್ಸ್ ಯೋಜನೆಯಲ್ಲಿ ಪದವಿ ಮುಗಿಸಿದ 18ರಿಂದ 30 ವರ್ಷದ ಭಾರತೀಯರು ಎರಡು ವರ್ಷ ಇದ್ದು ಕೆಲಸ ಮಾಡಬಹುದು. ಲಾಟರಿಗೆ ಹೆಸರು ಹಾಕಲು ಶುಲ್ಕ ಇಲ್ಲ. ಆಸ್ಟ್ರೇಲಿಯಾ 2024ರಲ್ಲಿ ಭಾರತೀಯರಿಗೆ ವರ್ಷಕ್ಕೆ 1,000 ವರ್ಕ್ ಅಂಡ್ ಹಾಲಿಡೇ ವೀಸಾ ತೆರೆಯಿತು, ಅದೂ ಲಾಟರಿಯೇ. ಲಾಟರಿಯಲ್ಲಿ 'ಗ್ಯಾರಂಟಿ' ಕೊಡ್ತೀನಿ ಅನ್ನುವವನು ಎಂಥವನು ಅಂತ ಬಿಡಿಸಿ ಹೇಳಬೇಕಾ?

ಕೊನೆಗೆ ನಮ್ಮ ಬೇಡಿಕೆ. ರೆಸ್ಯೂಮೆ ಬರೆಯೋದು, ಗ್ರೂಪ್ ಡಿಸ್ಕಷನ್‌ನಲ್ಲಿ ಕೂರೋದು ಹೇಗೆ ಅಂತ ಪ್ಲೇಸ್‌ಮೆಂಟ್ ಸೆಲ್ ಕಲಿಸುತ್ತೆ. ಒಂದು ಕಾಂಟ್ರಾಕ್ಟ್ ಓದೋದು ಹೇಗೆ ಅಂತ ವರ್ಷಕ್ಕೆ ಒಂದು ಮಧ್ಯಾಹ್ನ ಕಲಿಸಲಿ. ಅದಾಗುವವರೆಗೆ ನಮ್ಮ ಕನ್ನಡ ಬಳಗದ ಗುಂಪಿಗೇ ಆ ಆಫರ್ ಲೆಟರ್‌ಗಳನ್ನು ಕಳಿಸಿ. ಕೂತು ಒಟ್ಟಿಗೆ ಓದೋಣ. ನಿಮ್ಮದಲ್ಲದಿದ್ದರೆ ಅಣ್ಣನದು, ಮಾವನ ಮಗನದು, ಊರಿನ ಗೆಳೆಯನದು ಕಳಿಸಿ. ಹಣ್ಣು ಕೀಳೋದರಲ್ಲಿ ನಾಚಿಕೆ ಏನೂ ಇಲ್ಲ. ಕೇಳೋಕೆ ನಾಚಿಕೆಪಟ್ಟು ಅವ್ವನ ಬಂಗಾರ ಕಳಕೊಳ್ಳೋದು ಬೇಡ.