ರೋಧಕ್ಕೆ ದಿಕ್ಕುಂಟೇ?

ವಾಹಕದ ರೋಧವು ಅದರ ಉದ್ದ, ಅಡ್ಡಕೊಯ್ತದ ವಿಸ್ತೀರ್ಣ, ವಸ್ತು ಮತ್ತು ತಾಪವನ್ನು ಅವಲಂಬಿಸಿದೆ ಎಂದು ನಮ್ಮ ಪ್ರಶಿಕ್ಷಣಾರ್ಥಿಗಳು ಹತ್ತನೇ ತರಗತಿಯಲ್ಲಿ ಬರೆಸುತ್ತಾರೆ. "ದಿಕ್ಕನ್ನೂ ಅವಲಂಬಿಸಬಹುದೇ ಸರ್?" ಎಂದು ಒಬ್ಬ ವಿದ್ಯಾರ್ಥಿ ಕೇಳಿದರೆ ಪಾಠಯೋಜನೆಯಲ್ಲಿ ಉತ್ತರವಿರುವುದಿಲ್ಲ. ಠಾಣಾ ಕುಶನೂರದಂಥ ಊರಿನ ಶಾಲೆಯಲ್ಲೂ ಇದಕ್ಕೆ ಉತ್ತರ ಕೊಡಬಹುದು, ಕೊಡಬೇಕು ಎಂಬುದು ನನ್ನ ಅಭಿಪ್ರಾಯ.

ಅತಿವಾಹಕದಲ್ಲಿ ರೋಧ ಪೂರ್ತಿ ಇಲ್ಲವಾಗುತ್ತದೆ. 2008ರಲ್ಲಿ ಜಪಾನಿನ ಹಿಡಿಯೊ ಹೊಸೊನೊ ತಂಡವು ಕಬ್ಬಿಣ, ಆರ್ಸೆನಿಕ್ ಇರುವ ಸಂಯುಕ್ತವೊಂದು 26 ಕೆಲ್ವಿನ್‌ನಲ್ಲಿ ಅತಿವಾಹಕವಾಗುವುದನ್ನು ತೋರಿಸಿತು. ಈ ಬಳಗದ ಹಲವು ಹರಳುಗಳನ್ನು ತಣಿಸಿದಾಗ, ಅತಿವಾಹಕವಾಗುವ ಮೊದಲೇ, ಅವುಗಳ ಒಳಗಿನ ಪರಮಾಣುಗಳ ಚೌಕ ಜೋಡಣೆ ಒಂದು ದಿಕ್ಕಿಗೆ ತುಸು ಉದ್ದವಾಗುತ್ತದೆ. ಈ ವ್ಯತ್ಯಾಸ ಶೇ. 1ಕ್ಕಿಂತ ಕಡಿಮೆ. ಆದರೆ ಕೋಬಾಲ್ಟ್ ಬೆರೆಸಿದ ಅಂಥ ಒಂದು ಹರಳಿನಲ್ಲಿ ಒಂದು ದಿಕ್ಕಿನ ರೋಧ ಇನ್ನೊಂದರ ಸುಮಾರು ಎರಡು ಪಟ್ಟಿರುವುದನ್ನು 2010ರಲ್ಲಿ ಸ್ಟ್ಯಾನ್‌ಫರ್ಡ್‌ನ ಇಯಾನ್ ಫಿಶರ್ ತಂಡ ಅಳೆಯಿತು. 2012ರಲ್ಲಿ ಅದೇ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ದಿಕ್ಕಿನ ಆಯ್ಕೆ ಎಲೆಕ್ಟ್ರಾನುಗಳದ್ದು, ಹರಳಿನ ಚೌಕಟ್ಟು ಅವುಗಳನ್ನು ಹಿಂಬಾಲಿಸುತ್ತದೆ ಎಂದು ಪ್ರಯೋಗದಿಂದ ತೋರಿಸಿತು. ಇದೇ ಎಲೆಕ್ಟ್ರಾನಿಕ್ ನೆಮ್ಯಾಟಿಕ್ ಸ್ಥಿತಿ. ಕಡ್ಡಿಯಂಥ ಅಣುಗಳು ಒಂದೇ ದಿಕ್ಕಿಗೆ ಸಾಲುಗೊಳ್ಳುವ ದ್ರವ ಸ್ಫಟಿಕದಿಂದ ಬಂದ ಹೆಸರಿದು.

ಔರಾದ ಸೀಮೆಯ ಮಕ್ಕಳಿಗೆ ಇದನ್ನು ತೊಗರಿ ಹೊಲದಿಂದ ತಿಳಿಸಬಹುದು. ಸಾಲಿನುದ್ದಕ್ಕೆ ನಡೆಯುವುದು ಸಲೀಸು, ಸಾಲುಗಳನ್ನು ಅಡ್ಡ ದಾಟುವುದು ಕಷ್ಟ. ಒಂದು ಹೊಲದ ಸಾಲು ಉದ್ದಕ್ಕೆ, ಪಕ್ಕದ್ದು ಅಡ್ಡಕ್ಕೆ ಇದ್ದರೆ, ಹಲವು ಹೊಲ ಹಾಯ್ದು ಹೋಗುವವರಿಗೆ ಯಾವ ದಿಕ್ಕಾದರೂ ಒಂದೇ. ತಣಿದ ಹರಳಿನಲ್ಲೂ ಇಂಥ ತುಣುಕುಗಳು ಬೆರೆತಿರುತ್ತವೆ. ಅದಕ್ಕೇ ಫಿಶರ್ ತಂಡ ಹರಳನ್ನು ಒಂದು ಬದಿಯಿಂದ ಒತ್ತಿ, ಸಾಲುಗಳನ್ನು ಒಂದೇ ದಿಕ್ಕಿಗೆ ತಂದು ಅಳೆಯಿತು.

ಪಾಠ ಇಲ್ಲಿಗೇ ನಿಲ್ಲಬಾರದು. ಹೊಲದಲ್ಲಿ ಸಾಲು ಹಾಕುವವನು ರೈತ. ಹರಳಿನಲ್ಲಿ ರೈತನಿಲ್ಲ, ಎಲೆಕ್ಟ್ರಾನುಗಳ ಪರಸ್ಪರ ಪ್ರಭಾವದಿಂದಲೇ ದಿಕ್ಕು ಹುಟ್ಟುತ್ತದೆ. ಹೋಲಿಕೆ ಎಲ್ಲಿ ಸಲ್ಲದು ಎಂದು ಹೇಳದಿದ್ದರೆ ಮಗು ಹೊಲವನ್ನಷ್ಟೇ ನೆನಪಿಟ್ಟು, ವಿಜ್ಞಾನವನ್ನು ಬಿಟ್ಟುಬಿಡುತ್ತದೆ. ಅಭ್ಯಾಸ ಪಾಠದ ವೀಕ್ಷಕರು ಸ್ಥಳೀಯ ಉದಾಹರಣೆಗೆ ಅಂಕ ಕೊಡುತ್ತಾರೆ. ಆ ಉದಾಹರಣೆಯ ಮಿತಿಯನ್ನು ತಿಳಿಸಿದ್ದಕ್ಕೂ ಅಂಕವಿರಲಿ.

ಇದು ಪಠ್ಯಕ್ಕೆ ಹೊರಗಿನದು, ಸಮಯವೆಲ್ಲಿದೆ ಎನ್ನುವವರಿದ್ದಾರೆ. ಐದು ನಿಮಿಷ ಸಾಕು. ಕಬ್ಬಿಣದ ಸೆಲೆನೈಡ್‌ನಲ್ಲಿ ಈ ಸ್ಥಿತಿ ಸುಮಾರು 90 ಕೆಲ್ವಿನ್‌ನಲ್ಲಿ ತೊಡಗುತ್ತದೆ. ಅದರ ಮೂಲ ಕಾರಣ ಎಲೆಕ್ಟ್ರಾನಿನ ಸ್ಪಿನ್ನೋ, ಕಕ್ಷಕವೋ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ನಡೆದೇ ಇದೆ. ಉತ್ತರ ಪೂರ್ತಿ ಸಿಗದ ಪ್ರಶ್ನೆಯೊಂದು ತಮ್ಮ ಪಾಠದ ಪಕ್ಕದಲ್ಲೇ ಇದೆ ಎಂಬುದು ನಮ್ಮ ಹಳ್ಳಿಯ ಮಕ್ಕಳಿಗೂ ತಿಳಿಯಲಿ.