ರಫು ಮತ್ತು ತೇಪೆಯ ನಡುವೆ

ಹರಿದ ಬಟ್ಟೆಯನ್ನು ಮತ್ತೆ ಬಳಕೆಗೆ ತರುವ ಕೆಲಸಕ್ಕೆ ಕನ್ನಡದಲ್ಲಿ ಎರಡು ಹೆಸರುಗಳಿವೆ. ಹರಿದ ಕಡೆ ಅದೇ ಬಣ್ಣದ, ಅದೇ ದಪ್ಪದ ಎಳೆಗಳನ್ನು ಒಂದು ಬಿಟ್ಟು ಒಂದರಂತೆ ಮೇಲೆ ಕೆಳಗೆ ಹಾಯಿಸಿ, ಹರಕು ಎಲ್ಲಿತ್ತೆಂಬುದೇ ತಿಳಿಯದಂತೆ ತುಂಬಿದರೆ ಅದು ರಫು. ಬೇರೊಂದು ಬಟ್ಟೆಯ ತುಂಡನ್ನು ಮೇಲಿಟ್ಟು ಸುತ್ತಲೂ ಹೊಲಿದರೆ ಅದು ತೇಪೆ. ರಫುಗಾರನ ಜಾಣ್ಮೆ ಕಣ್ಣಿಗೆ ಬೀಳದಿರುವುದರಲ್ಲಿದೆ. ತೇಪೆಯಾದರೋ ಬಟ್ಟೆ ಒಮ್ಮೆ ಹರಿದಿತ್ತೆಂಬುದನ್ನು ಊರಿಗೆಲ್ಲ ಸಾರುತ್ತದೆ. ‘ತೇಪೆ ಹಚ್ಚುವ ಕೆಲಸ’ ಎಂಬ ಮಾತು ಬೈಗುಳವಾಗಿ ನಿಂತಿರುವುದಕ್ಕೂ ಬಹುಶಃ ಇದೇ ಕಾರಣ. ಬಟ್ಟೆ ಮತ್ತು ಬರಹದ ನಂಟನ್ನು ವಿಷಯವಾಗಿ ಇರಿಸಿಕೊಂಡ ಈ ಸಂಚಿಕೆಯ ಮೊದಲಿಗೆ, ರಫಿನ ಮನೆಯಲ್ಲಿ ಹುಟ್ಟಿ ತೇಪೆಯ ಕಡೆಗೆ ನಡೆದ ಕಲಾವಿದೆ ಲೂಯೀಸ್ ಬೂರ್ಜ್ವಾ (1911–2010) ಅವರ ದಿನದ ಕೆಲಸವನ್ನು ಗಮನಿಸುವುದು ಉಚಿತವಾಗಿದೆ.

ಪ್ಯಾರಿಸ್ಸಿನಲ್ಲಿ ಹುಟ್ಟಿದ ಲೂಯೀಸ್ ಅವರ ಹೆತ್ತವರ ಕಸುಬು ಹಳೆಯ ಟ್ಯಾಪೆಸ್ಟ್ರಿಗಳನ್ನು ಕೊಂಡು, ದುರಸ್ತಿ ಮಾಡಿ ಮಾರುವುದಾಗಿತ್ತು. ಟ್ಯಾಪೆಸ್ಟ್ರಿಯೆಂದರೆ ಸಿದ್ಧ ಬಟ್ಟೆಯ ಮೇಲೆ ಸೂಜಿಯಿಂದ ಬಿಡಿಸಿದ ಕಸೂತಿಯಲ್ಲ. ಮಗ್ಗದ ಹಾಸಿನ ಎಳೆಗಳು ಪೂರ್ತಿ ಮುಚ್ಚಿಹೋಗುವಂತೆ ಬಣ್ಣಬಣ್ಣದ ಹೊಕ್ಕನ್ನು ಒತ್ತೊತ್ತಾಗಿ ಕೂರಿಸುತ್ತ, ಬಟ್ಟೆ ಬೆಳೆದಂತೆ ಚಿತ್ರವೂ ಬೆಳೆಯುವ ಹಾಗೆ ನೇಯ್ದ ಗೋಡೆತೆರೆ. ಹಾಗಾಗಿ ಅದರಲ್ಲಿ ತೂತು ಬಿದ್ದರೆ ಹೋಗುವುದು ಬಟ್ಟೆ ಮಾತ್ರವಲ್ಲ, ಚಿತ್ರವೂ ಹೋಗುತ್ತದೆ. ದುರಸ್ತಿ ಮಾಡುವವರು ಹೊಸ ಹಾಸನ್ನು ಎಳೆದು ಕಟ್ಟಿ, ಕಳೆದುಹೋದ ಭಾಗ ಹೇಗಿದ್ದೀತೆಂದು ಊಹಿಸಿ ಬರೆದು, ಬಣ್ಣ ಹೊಂದಿಸಿ ಮತ್ತೆ ತುಂಬಬೇಕಾಗುತ್ತದೆ. ವ್ಯಾಪಾರ ತಂದೆಯದು, ಸೂಜಿ ತಾಯಿಯದು. ತಾಯಿ ಜೋಸೆಫೀನ್ ಟ್ಯಾಪೆಸ್ಟ್ರಿಗೆ ಹೆಸರಾದ ಒಬ್ಯುಸೊನ್ ಪಟ್ಟಣದ ಮೂಲದವರು. ಮೊದಲ ಮಹಾಯುದ್ಧದ ನಂತರ ಕುಟುಂಬ ನೆಲೆಸಿದ್ದು ಪ್ಯಾರಿಸ್ಸಿನ ದಕ್ಷಿಣಕ್ಕಿರುವ ಆಂತೊನಿಯಲ್ಲಿ, ಬಿಯೆವ್ರ್ ಎಂಬ ಸಣ್ಣ ನದಿಯ ದಂಡೆಯಲ್ಲಿ. ಆ ನೀರಿನಲ್ಲಿದ್ದ ಟ್ಯಾನಿನ್, ಅಂದರೆ ತೊಗಲು ಹದಮಾಡುವುದಕ್ಕೂ ಬಳಕೆಯಾಗುವ ಒಗರು ಅಂಶ, ಉಣ್ಣೆ ತೊಳೆದು ಬಣ್ಣ ಕಟ್ಟುವುದಕ್ಕೆ ಅನುಕೂಲವಾಗಿತ್ತು.

ಗೋಡೆಯಲ್ಲಿ ತೂಗುವ ತೆರೆಗಳು ಸವೆಯುವುದು ಹೆಚ್ಚಾಗಿ ಕೆಳ ಅಂಚಿನಲ್ಲಿ, ಅಂದರೆ ಚಿತ್ರದೊಳಗಿನ ಮನುಷ್ಯರ ಪಾದಗಳು ಬರುವ ಕಡೆ. ಕಾಣೆಯಾದ ಈ ಪಾದಗಳನ್ನು ಕಾಗದದ ಮೇಲೆ ಬರೆದುಕೊಡುವ ಕೆಲಸ ಬಾಲಕಿ ಲೂಯೀಸ್ ಪಾಲಿಗೆ ಬಂತು, ಮತ್ತು ಕಲೆಯೆಂಬುದು ಮನೆಯ ಅಗತ್ಯಕ್ಕೆ ಒದಗುವ ವಸ್ತುವೆಂಬ ತಿಳಿವಳಿಕೆ ಅಲ್ಲಿಂದಲೇ ಮೊದಲಾಯಿತು. ಅದೇ ಮನೆಯಲ್ಲಿ ಮತ್ತೊಂದು ಬಗೆಯ ರಿಪೇರಿಯೂ ನಡೆಯುತ್ತಿತ್ತು. ಲೂಯೀಸ್ ಮುಂದೆ ಹೇಳಿಕೊಂಡಂತೆ, ಮಡಿವಂತ ಗಿರಾಕಿಗಳಿಗೆ ಮುಜುಗರವಾಗಬಾರದೆಂದು ತಾಯಿ ತೆರೆಗಳಲ್ಲಿದ್ದ ಬೆತ್ತಲೆ ದೇವಶಿಶುಗಳ ಜನನಾಂಗಗಳನ್ನು ಕತ್ತರಿಸಿ ತೆಗೆದು, ಆ ಜಾಗಕ್ಕೆ ಹೂವನ್ನೋ ಮತ್ತೇನನ್ನೋ ತುಂಬುತ್ತಿದ್ದರು. ದುರಸ್ತಿಯನ್ನು ಕುರಿತ ಇಂದಿನ ಮೆಚ್ಚುಗೆಯ ಮಾತುಗಳು ಈ ಸಂಗತಿಯ ಮುಂದೆ ಸ್ವಲ್ಪ ತಡೆಯಬೇಕು. ಕಾಣದ ಹೊಲಿಗೆ ಹರಿದದ್ದನ್ನು ಮಾತ್ರವಲ್ಲ, ಬೇಡವೆಂದು ಕತ್ತರಿಸಿದ್ದನ್ನೂ ಅಷ್ಟೇ ಚೆನ್ನಾಗಿ ಮುಚ್ಚುತ್ತದೆ.

ತಾಯಿ 1932ರಲ್ಲಿ ತೀರಿಕೊಂಡರು. ಸೊರ್ಬೊನ್‌ನಲ್ಲಿ ಗಣಿತ ಓದುತ್ತಿದ್ದ ಮಗಳು ಅದನ್ನು ಬಿಟ್ಟು ಕಲೆಗೆ ಹೊರಳಿ, 1938ರಲ್ಲಿ ಅಮೆರಿಕದ ಕಲಾ ಇತಿಹಾಸಕಾರ ರಾಬರ್ಟ್ ಗೋಲ್ಡ್‌ವಾಟರ್ ಅವರನ್ನು ಮದುವೆಯಾಗಿ ನ್ಯೂಯಾರ್ಕಿಗೆ ಹೋದರು. ಮರ, ಪ್ಲಾಸ್ಟರ್, ಲೇಟೆಕ್ಸ್, ಅಮೃತಶಿಲೆಗಳಲ್ಲಿ ಕಳೆದ ಮುಂದಿನ ಐದು ದಶಕಗಳನ್ನು, ಆಧುನಿಕ ಕಲೆಯ ಮ್ಯೂಸಿಯಂ 1982ರಲ್ಲಿ ಏರ್ಪಡಿಸಿದ ಸಮಗ್ರ ಪ್ರದರ್ಶನವನ್ನು, ಎಪ್ಪತ್ತು ದಾಟಿದ ಮೇಲೆ ಬಂದ ಕೀರ್ತಿಯನ್ನು ಕಲಾ ಇತಿಹಾಸಗಳು ವಿವರವಾಗಿ ದಾಖಲಿಸಿವೆ. ಅಷ್ಟು ಗಮನ ಸಿಗದಿರುವುದು ಆ ಎಲ್ಲ ವರ್ಷಗಳ ಅಡಿಯಲ್ಲಿ ಹಾಸಿನ ಎಳೆಯಂತೆ ಹರಿದು ಬಂದ ಬರವಣಿಗೆಗೆ.

ಬಾಲ್ಯದಿಂದಲೂ ದಿನಚರಿ ಬರೆಯುತ್ತಿದ್ದ ಲೂಯೀಸ್, ಫ್ರೆಂಚಿನಲ್ಲಿ ಆರಂಭಿಸಿದ್ದನ್ನು ಇಂಗ್ಲಿಷಿನಲ್ಲಿ ಮುಗಿಸುತ್ತ, ಕೈಗೆ ಸಿಕ್ಕ ಬಿಡಿ ಹಾಳೆಗಳ ಮೇಲೆ, ಚಿತ್ರಗಳ ಬೆನ್ನಿನ ಮೇಲೆ, ಕನಸು, ಲೆಕ್ಕ, ಸಿಟ್ಟು, ಪಟ್ಟಿಗಳೆಲ್ಲವನ್ನೂ ಒಂದೇ ಸಮನೆ ಬರೆದಿಟ್ಟರು. 1951ರಲ್ಲಿ ತಂದೆ ಸತ್ತ ಬಳಿಕ ಕವಿದ ಖಿನ್ನತೆಯಲ್ಲಿ ಮನೋವಿಶ್ಲೇಷಣೆಗೆ, ಅಂದರೆ ಮಾತಿನ ಮೂಲಕ ಮನಸ್ಸಿನ ಹೂತ ನೆನಪುಗಳನ್ನು ಹೊರತೆಗೆಯುವ ಚಿಕಿತ್ಸೆಗೆ, ಮೊರೆಹೋದರು. ಹೆನ್ರಿ ಲೊವೆನ್‌ಫೆಲ್ಡ್ ಎಂಬ ವೈದ್ಯರೊಡನೆ ಅದು 1985ರವರೆಗೆ, ಆ ವೈದ್ಯರು ತೀರಿಕೊಳ್ಳುವ ತನಕ, ಬಿಟ್ಟು ಬಿಟ್ಟು ಸಾಗಿತು. ಆ ಕಾಲದ ಬರಹಗಳಿದ್ದ ಪೆಟ್ಟಿಗೆಗಳು ಮನೆಯಲ್ಲೇ 2004ರಲ್ಲಿ ಕೆಲವು, 2010ರಲ್ಲಿ ಕೆಲವು ಸಿಕ್ಕವು. ನಿದ್ದೆ ಬಾರದ ರಾತ್ರಿಗಳಲ್ಲಿ, 1994ರ ಕೊನೆಯಿಂದ 1995ರ ನಡುವಿನವರೆಗೆ, ಬರೆದ 220 ಹಾಳೆಗಳಲ್ಲಂತೂ ಅಕ್ಷರ ಯಾವುದು, ಎಳೆಯ ಹಾಗೆ ಸುತ್ತುವ ಗೆರೆ ಯಾವುದು ಎಂದು ಬೇರ್ಪಡಿಸುವುದೇ ಕಷ್ಟ.

ಬಟ್ಟೆಗೆ ಅವರು ಮರಳಿದ್ದು ಇದೇ ಹೊತ್ತಿನಲ್ಲಿ, ಎಂಬತ್ತು ದಾಟಿದ ಮೇಲೆ. ನ್ಯೂಯಾರ್ಕಿನ ಚೆಲ್ಸಿ ಬಡಾವಣೆಯ ಕಿರಿದಾದ ಮನೆಯಲ್ಲಿ ದಶಕಗಳಿಂದ ಎಸೆಯದೆ ಇಟ್ಟಿದ್ದ ಉಡುಪುಗಳು, ತಾಯಿಯ ಕಾಲದ ಒಳಉಡುಪುಗಳು, ಹಾಸಿಗೆ ಬಟ್ಟೆ, ಟವೆಲ್ಲುಗಳು ಕಪಾಟಿನಿಂದ ಹೊರಬಂದವು. ಕೆಲವು ಇಡಿಯಾಗಿಯೇ ‘ಸೆಲ್’ ಎಂಬ ಕೋಣೆಯಾಕಾರದ ಕೃತಿಗಳಲ್ಲಿ ತೂಗಿದವು. ಉಳಿದವನ್ನು ಕತ್ತರಿಸಿ ತಲೆಗಳು, ಅಪ್ಪಿಕೊಂಡ ಜೋಡಿಗಳು, ಗೊಂಬೆಗಳಂತಹ ದೇಹಗಳನ್ನು ಹೊಲಿಯಲಾಯಿತು. ಆ ತಲೆಗಳ ಹೊಲಿಗೆ ಬೇಕೆಂದೇ ಒರಟು, ಟಾಕುಗಳು ಗಾಯಕ್ಕೆ ಹಾಕಿದ ಹೊಲಿಗೆಯಂತೆ ಎದ್ದು ಕಾಣುತ್ತವೆ. ತಾಯಿಯ ಕಾರ್ಖಾನೆಯಲ್ಲಿ ಇಂಥ ಹೊಲಿಗೆ ಹಾಕಿದವರಿಗೆ ಕೂಲಿ ಸಿಗುತ್ತಿತ್ತೋ ಇಲ್ಲವೋ. ಕೊನೆಯ ವರ್ಷಗಳ ಬಟ್ಟೆಯ ಕೃತಿಗಳಲ್ಲಿ ಜೋಡಣೆ ಲೂಯೀಸ್ ಅವರದಾದರೂ ಹೊಲಿಗೆಯಲ್ಲಿ ನುರಿತ ಹೊಲಿಗೆಗಾರ್ತಿಯೊಬ್ಬರ ಕೈ ಹೆಚ್ಚು ಇತ್ತೆಂಬುದನ್ನೂ ಇಲ್ಲಿ ಹೇಳಬೇಕು. ಟ್ಯಾಪೆಸ್ಟ್ರಿಯ ಅಂಗಡಿಯಿಂದ ಮ್ಯೂಸಿಯಂವರೆಗೆ ಸೂಜಿ ಹಿಡಿದವರ ಹೆಸರು ಹಿಂದೆ ಸರಿಯುವ ರೂಢಿ ಬದಲಾಗಿಲ್ಲ.

ಹೊಲಿಗೆ ಈ ಕಲಾವಿದೆಯ ಮನಸ್ಸನ್ನು ವಾಸಿ ಮಾಡಿತೆಂಬ ಜನಪ್ರಿಯ ವಿವರಣೆ ಸುಲಭವಾದದ್ದು, ಆದರೆ ದಾಖಲೆಗಳಿಗೆ ಹೊಂದುವುದಿಲ್ಲ. ಮೂವತ್ತು ವರ್ಷಗಳ ಚಿಕಿತ್ಸೆಯ ಬಳಿಕವೂ, ಬಟ್ಟೆ ಹಿಡಿದ ಬಳಿಕವೂ ಅದೇ ತಂದೆ, ಅದೇ ಭಯ, ಅದೇ ನಿದ್ರಾಹೀನತೆ ಬರಹಗಳಲ್ಲಿ ಮರಳುತ್ತವೆ. ಬದಲಾದದ್ದು ಹರುಕಿನೊಡನೆ ನಡೆದುಕೊಳ್ಳುವ ರೀತಿ. 1999ರ ಪ್ರಸಿದ್ಧ ‘ಮಮಾನ್’, ಅಂದರೆ ‘ಅಮ್ಮ’, ಒಂಬತ್ತು ಮೀಟರಿಗೂ ಎತ್ತರದ ಉಕ್ಕಿನ ಜೇಡ. ಬಲೆ ಹರಿದರೆ ಮತ್ತೆ ನೇಯುವ ಈ ಜೀವಿಯಲ್ಲಿ ಲೂಯೀಸ್ ಕಂಡದ್ದು ತೆರೆ ದುರಸ್ತಿ ಮಾಡುವ ತಾಯಿಯನ್ನು. ಹುಳುವಿಗೂ ನೇಕಾರನಿಗೂ ‘ಜೇಡ’ ಎಂಬ ಒಂದೇ ಪದವನ್ನು ಉಳಿಸಿಕೊಂಡಿರುವ ಕನ್ನಡದಲ್ಲಿ, ಜೇಡರ ದಾಸಿಮಯ್ಯನ ಹೆಸರು ಬಲ್ಲವರಿಗೆ, ಈ ರೂಪಕಕ್ಕೆ ಟಿಪ್ಪಣಿ ಬೇಕಿಲ್ಲ. ಅದಕ್ಕೂ ಎರಡು ವರ್ಷ ಹಿಂದಿನ, 1997ರ ‘ಸ್ಪೈಡರ್’ನಲ್ಲಾದರೆ ಜೇಡದ ಕಾಲುಗಳ ನಡುವಿನ ತಂತಿ ಪಂಜರಕ್ಕೆ ಹಳೆಯ ಟ್ಯಾಪೆಸ್ಟ್ರಿಯ ತುಂಡುಗಳನ್ನೇ ಸಿಕ್ಕಿಸಲಾಗಿದೆ, ಹರಿದ ಅಂಚುಗಳನ್ನು ಹಾಗೆಯೇ ಬಿಟ್ಟು.

ಹೊಲಿಗೆ ಮತ್ತು ಬರಹ ಒಂದೇ ವಸ್ತುವಾದದ್ದು 2002ರ ‘ಓಡ್ ಅ ಲೂಬ್ಲಿ’ಯಲ್ಲಿ, ‘ಮರೆವಿಗೊಂದು ಹಾಡು’ ಎಂದು ಅದನ್ನು ಕನ್ನಡಿಸಬಹುದು. ಇದು ಬಟ್ಟೆಯ ಪುಸ್ತಕ. ಹಳೆಯ ಉಡುಪುಗಳ ತುಂಡುಗಳನ್ನು ಪಟ್ಟೆಗಳಾಗಿ, ಸುತ್ತುಗಳಾಗಿ, ಚೌಕಗಳಾಗಿ ಹಾಳೆಗಳ ಮೇಲೆ ಹೊಲಿಯಲಾಗಿದೆ. ಅಕ್ಷರಗಳು ಬರುವುದು ಎಲ್ಲೋ ಒಂದೆರಡು ಪುಟಗಳಲ್ಲಿ. 2004ರಲ್ಲಿ ಇದರ 25 ಪ್ರತಿಗಳ ಮುದ್ರಣವೂ ಬಂತು. ಮೂಲ ಪುಸ್ತಕದ ಬೆನ್ನನ್ನು ಅಂಟಿನಿಂದಾಗಲೀ ಕಾಯಂ ಹೊಲಿಗೆಯಿಂದಾಗಲೀ ಕಟ್ಟಿಲ್ಲ. ಪುಟದ ಅಂಚಿನಲ್ಲಿ ಕಾಜಾಗಳಿದ್ದು, ಅವುಗಳ ಮೂಲಕ ಹಾಳೆಗಳನ್ನು ಜೋಡಿಸಲಾಗಿದೆ, ಬೇಕೆಂದಾಗ ಬಿಚ್ಚಬಹುದು. ಮ್ಯೂಸಿಯಂನವರು ಹಾಗೆಯೇ ಬಿಚ್ಚಿ ಪುಟಗಳನ್ನು ಸಾಲಾಗಿ ಗೋಡೆಗೆ ಹಾಕಿದಾಗ, ಆ ಹಾಳೆಗಳು ಮದುವೆಯಲ್ಲಿ ಬಂದ ನಾರುಬಟ್ಟೆಯ ಕೈವಸ್ತ್ರಗಳೆಂಬುದು ಕಾಣುತ್ತದೆ. ಎಲ್, ಬಿ, ಜಿ ಎಂದು ಕಸೂತಿ ಹಾಕಿದ ಹೊಸ ಮದುಮಗಳ ಹೆಸರಿನ ಮೂರು ಅಕ್ಷರಗಳು ಅವುಗಳಲ್ಲಿ ಇನ್ನೂ ಇವೆ.